ಹುಕುಂ ಬಂದಿಲ್ರಿ ಸರ್

ಪಾಠ ಕಲಿಸುವ ಯಂತ್ರಗಳಿಗೂ ನನಗೂ ಯಾವತ್ತೂ ಕೂಡಿಬಂದಿಲ್ಲ. ಅವು ಒಂದು ಬಾಗಿಲಿನಿಂದ ಒಳಗೆ ಬಂದರೆ ನನ್ನ ಮರ್ಯಾದೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತದೆ. ಫೌಜಿನಲ್ಲಿ ಹೊಸ ಸಿಪಾಯಿಗಳಿಗೆ ಬಂದೂಕು ಕಲಿಸುವ ಹವಾಲ್ದಾರನಾಗಿದ್ದೆ. ರಿಟೈರಾದ ಮೇಲೆ ಆಳಂದಕ್ಕೆ ಬಂದು, ಊರ ಹೊರಗೆ ತಗಡಿನ ಶೆಡ್ಡು ಹಾಕಿ, ಫೌಜಿಗೆ ಸೇರುವ ಆಸೆಯಿಟ್ಟುಕೊಂಡ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದೇನೆ. ಯಂತ್ರ ನನ್ನನ್ನು ಅಲ್ಲಿಯೂ ಬಿಡಲಿಲ್ಲ, ಇಲ್ಲಿಯೂ ಬಿಡಲಿಲ್ಲ. ಮೊದಲೆಲ್ಲ ಈ ಕತೆಗಳನ್ನು ಹೇಳಿ ನಗಿಸುತ್ತಿದ್ದೆ. ಈಗಲೂ ನಗು ಬರುತ್ತದೆ, ಅದರ ಹಿಂದೆಯೇ ಸಂಕಟವೂ ಬರುತ್ತದೆ.

ಕಾರ್ಪೆಟ್ಟಿನ ಮೇಲೆ ಖೋಖಾ

ನೌಕರಿಯ ಕೊನೆಯ ವರ್ಷಗಳಲ್ಲಿ ನಮ್ಮ ತರಬೇತಿ ಕೇಂದ್ರಕ್ಕೆ ಸಿಮ್ಯುಲೇಟರ್ ಬಂತು. ತಣ್ಣಗಿನ ಎ.ಸಿ. ಕೋಣೆ, ನೆಲಕ್ಕೆ ಕಾರ್ಪೆಟ್ಟು, ಎದುರಿಗೆ ಗೋಡೆಯಗಲದ ಪರದೆ. ಬಂದೂಕು ನೋಡಲು ನಿಜದ್ದೇ, ಒಳಗೆ ಗುಂಡಿಲ್ಲ. ಗುರಿಯಿಟ್ಟು ಒತ್ತಿದರೆ ಪರದೆಯ ಮೇಲಿನ ಶತ್ರು ಉರುಳಿಬೀಳುತ್ತಾನೆ.

ನಿಜವಾದ ಗುಂಡು ಹಾರಿಸುವ ಮೈದಾನದಲ್ಲಿ ಒಂದು ಕಾಯಿದೆ ಇದೆ. ಹಾರಿಸಿದ ಪ್ರತಿ ಗುಂಡಿನ ಖಾಲಿ ಕವಚವನ್ನು, ಅದಕ್ಕೆ ನಾವು ಖೋಖಾ ಅನ್ನುತ್ತೇವೆ, ಹುಡುಕಿ ತಂದು ಒಪ್ಪಿಸಬೇಕು. ಒಂದು ಕಡಿಮೆಯಾದರೂ ಯಾರೂ ಅಲ್ಲಾಡುವ ಹಾಗಿಲ್ಲ. ಸಿಮ್ಯುಲೇಟರಿನ ಮೊದಲ ದಿನ, ಪಾಠ ಮುಗಿದ ಕೂಡಲೇ ನನ್ನ ಬಾಯಿ ರೂಢಿಯಂತೆ ಕೂಗಿತು: "ಖೋಖಾ ಆರಿಸಿ!"

ಅಷ್ಟೂ ಸಿಪಾಯಿಗಳು ಮೊಣಕಾಲೂರಿದರು. ಕಾರ್ಪೆಟ್ಟು ಎತ್ತಿದರು, ಕುರ್ಚಿ ಸರಿಸಿದರು. "ಒಂದೂ ಸಿಗುತ್ತಿಲ್ಲವೇ? ಕಣ್ಣು ಎಲ್ಲಿಟ್ಟಿದ್ದೀರಿ?" ಎಂದು ನಾನು ಬೈಯುತ್ತಲೇ ಇದ್ದೆ. ಅಷ್ಟರಲ್ಲಿ ಸಾಹೇಬರು ಬಂದರು.

"ಹವಾಲ್ದಾರ್, ಏನು ಹುಡುಕುತ್ತಿದ್ದೀರಿ?"

"ಖೋಖಾ ಸಾಹೇಬರೇ. ಒಂದೂ ಸಿಕ್ಕಿಲ್ಲ," ಅಂದೆ. ಅನ್ನುವಾಗಲೇ ತಲೆಗೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ.

ಆಗ ಮೂಲೆಯಿಂದ ಒಬ್ಬ ಸಿಪಾಯಿ, "ಸಿಕ್ಕಿತು!" ಎಂದು ನಿಜವಾಗಿಯೂ ಒಂದು ಖೋಖಾ ಎತ್ತಿ ಹಿಡಿದ. ಎಲ್ಲಿಯೂ ಸಿಗದಾಗ ಪಾಪ ತನ್ನ ಜೇಬನ್ನೂ ತಡಕಿಕೊಂಡಿದ್ದ. ಹಿಂದಿನ ವಾರ ಮೈದಾನದಲ್ಲಿ ಸಂಜೆತನಕ ಹುಡುಕಿಯೂ ಸಿಗದೆ, ನಾನು ಲಿಖಿತ ಸಮಜಾಯಿಷಿ ಕೊಟ್ಟಿದ್ದ ಖೋಖಾ ಅದು!

ಆಮೇಲೆ ಕೇಳಿದೆ: "ಗುಂಡೇ ಇಲ್ಲವೆಂದು ನಿಮ್ಮಲ್ಲಿ ಒಬ್ಬನಿಗೂ ಗೊತ್ತಾಗಲಿಲ್ಲವೇ?"

"ಗೊತ್ತಿತ್ತು ಉಸ್ತಾದ್. ಮಾತಾಡಲು ಹುಕುಂ ಇರಲಿಲ್ಲ."

ಶಿಸ್ತು ಅಂದರೆ ಇದು ಎಂದು ಆವತ್ತು ನಾನು ಬೀಗಿದೆ. ಬೀಗಬಾರದಿತ್ತು.

ಫೋನಿನೊಳಗೆ ಆಯಿ

ನನ್ನ ಶೆಡ್ಡಿಗೆ ಕಿಣ್ಣಿ ಸುಲ್ತಾನದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಫೌಜಿನ ಪೊಲೀಸ್ ಪಡೆಗೆ ಸೇರಬೇಕೆಂದು ಅವಳ ಹಟ. ಓಟದಲ್ಲಿ ಅವಳ ಬೆನ್ನು ಮಾತ್ರ ಉಳಿದವರಿಗೆ ಕಾಣುತ್ತಿತ್ತು. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು, ಈ ಸಲ ತಪ್ಪಿದರೆ ಮತ್ತೆ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಅಂಥ ಶಿಷ್ಯರೆಂದರೆ ನನಗೆ ಪ್ರಾಣ.

ಒಮ್ಮೆ ಮಳೆ ಹಿಡಿದು, ಎರಡು ದಿನ ಯಾರೂ ಬರಲಾಗಲಿಲ್ಲ. "ವಿಡಿಯೋ ಕಾಲ್ ಮ್ಯಾಲ ಕ್ಲಾಸ್ ತಗೋರಿ ಸರ್," ಅಂದರು. ಫೋನನ್ನು ನೀರಿನ ಕೊಡಕ್ಕೆ ಒರಗಿಸಿ, ಯೂನಿಫಾರ್ಮು ಹಾಕಿಕೊಂಡು, ಎದುರಿಗೆ ನಿಂತು "ಸಾವಧಾನ್!" ಎಂದು ಒದರಿದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಸರಿ, ಚಹಾ ಕುಡಿದು ಬಂದೆ. ಮತ್ತೆ ಹಚ್ಚಿದಾಗ ಎಲ್ಲರೂ ಹೋಗಿದ್ದರು. ಆ ಹುಡುಗಿಯ ಚೌಕದಲ್ಲಿ ಮಾತ್ರ ಅವಳ ಅಜ್ಜಿ, ಎರಡೂ ಕೈ ಮೈಗೆ ಹಚ್ಚಿಕೊಂಡು, ಎದೆ ಸೆಟೆಸಿ ನಿಂತಿದ್ದಾಳೆ!

"ಆಯಿ, ನೀವ್ಯಾಕ ನಿಂತೀರಿ? ಹುಡುಗಿ ಎಲ್ಲಿ?"

"ಮಳಿ ನಿಂತದಂತ ಅಕಿ ಓಡಾಕ ಹೋಗ್ಯಾಳ್ರಿ ಸರ್. ಕ್ಲಾಸ್ ಶುರು ಆಗೂದ್ರಾಗ ಬರ್ತೇನಿ, ಫೋನ್ ನೋಡ್ಕೋ ಆಯಿ ಅಂದ್ಳು. ನೀವು ಸಾವಧಾನ್ ಅಂದ್ರಿ, ನಿಂತೇನಿ. ವಿಶ್ರಾಮ್ ಅನ್ನಲೇ ಇಲ್ಲ. ಮೊಣಕಾಲ್ ಹಿಡ್ಕೊಂಡಾವ, ಲಗೂನ ಅಂದುಬಿಡ್ರಿ!"

ಸೋಪಿನ ಮೌಸು

ಫೌಜಿನ ಬರವಣಿಗೆ ಪರೀಕ್ಷೆ ಈಗ ಕಂಪ್ಯೂಟರ್ ಮೇಲೆ. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುವ ಭಾಯಿಯೊಬ್ಬ ತಾನಾಗಿಯೇ ಬಂದು, "ವಾರಕ್ಕೊಮ್ಮೆ ನಿಮ್ ಹುಡುಗರಿಗೆ ಕಳಿಸ್ರಿ ಸಾಬ್, ಕೈ ಕುಂದರ್ತದ," ಅಂದ.

"ಬ್ಯಾಡಪ್ಪ. ಮೌಸ್ ಹಿಡ್ಕೊಂಡು ಗಡಿ ಕಾಯ್ತಾರೇನು?" ಅಂದೆ.

ಸಿಮ್ಯುಲೇಟರಿನ ಅವಮಾನ ನನ್ನೊಳಗೆ ಇನ್ನೂ ಹಸಿಯಾಗಿತ್ತು, ಬೇರೇನೂ ಅಲ್ಲ. ಅವನನ್ನು ಕಳಿಸಿ, ರಟ್ಟಿನ ಮೇಲೆ ಪರದೆ ಬರೆದು, ಒಬ್ಬೊಬ್ಬರ ಕೈಗೆ ಒಂದೊಂದು ಸೋಪು ಕೊಟ್ಟೆ. ಅದೇ ಮೌಸು. ಕವಾಯತಿನಂತೆ ಕಲಿಸಿದೆ: ಏಕ್ ಅಂದರೆ ಕೈ ಇಡಬೇಕು, ದೋ ಅಂದರೆ ಸರಿಸಬೇಕು, ತೀನ್ ಅಂದರೆ ಒತ್ತಬೇಕು. ಕಿಣ್ಣಿಯ ಹುಡುಗಿ ಚುರುಕು, ಒಂದು ಸಲ ನಾನು ತೀನ್ ಅನ್ನುವ ಮೊದಲೇ ಒತ್ತಿಬಿಟ್ಟಳು. ಅವಳನ್ನು ಇಡೀ ದಿನ ಶೆಡ್ಡಿನ ಹೊರಗೆ ನಿಲ್ಲಿಸಿದೆ. "ಹುಕುಂ ಬರೋಕಿಂತ ಮೊದ್ಲ ಕೈ ಹಚ್ಚಿದವ್ರಿಗೆ ಫೌಜಿನ್ಯಾಗ ಹೊರಗ ಹಾಕ್ತಾರ, ನೆನಪಿಟ್ಕೋ," ಅಂದೆ. ನೆನಪಿಟ್ಟುಕೊಂಡಳು.

ವಾರದ ಮೇಲೆ ಭಾಯಿ ಮತ್ತೆ ಇಣುಕಿ ನೋಡಿದ. "ಕಂಪ್ಯೂಟರ್ ಏನ್ ಬರ್ತದೋ ಇಲ್ಲೋ ಸಾಬ್, ಕೈ ಮಾತ್ರ ಎಲ್ಲರ್ದೂ ಭಾಳ ಸಾಫ್ ಆಗ್ಯಾವ!"

ವಿಶ್ರಾಮ್

ಕಲಬುರಗಿಯಲ್ಲಿ ಪರೀಕ್ಷೆ. ಮರುದಿನ ಹುಡುಗಿ ಆಯಿಯನ್ನು ಕರೆದುಕೊಂಡು ಶೆಡ್ಡಿಗೆ ಬಂದಳು. ನನ್ನೆದುರು ಸಾವಧಾನ್ ನಿಂತು ವರದಿ ಒಪ್ಪಿಸಿದಳು.

"ಕಂಪ್ಯೂಟರ್ ಮುಂದ ಕುಂತೆ ಸರ್. ಶುರು ಮಾಡಾಕ ಇಲ್ಲಿ ಒತ್ರಿ ಅಂತ ಬರೆದಿತ್ತು. ಮೂಲ್ಯಾಗ ಗಡಿಯಾರ ಓಡಾಕತ್ತಿತ್ತು. ಕೈ ಮೌಸ್ ಮ್ಯಾಲ ಇಟ್ಟೆ. ಏಕ್ ಆಯ್ತು. ಬಾಣ ಸರಿಸ್ದೆ. ದೋ ಆಯ್ತು."

"ಆಮ್ಯಾಲ?"

"ಯಾರೂ ತೀನ್ ಅನ್ನಲಿಲ್ರಿ."

ಶೆಡ್ಡಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

"ಬಾಜೂದವ್ರು ಒತ್ತೂದು ಕಾಣಲಿಲ್ಲೇನವ್ವ?"

"ಕಂಡಿತ್ರಿ. ಹುಕುಂ ಇಲ್ದ ಒತ್ತಾಕತ್ತಾರ, ಇವ್ರಿಗೆಲ್ಲ ಹೊರಗ ಹಾಕ್ತಾರ, ನಾ ಒಬ್ಬಾಕಿ ಉಳೀತೇನಿ ಅಂದ್ಕೊಂಡೆ."

ಪರೀಕ್ಷೆಯ ಅರ್ಧ ಹೊತ್ತು ಕಳೆದ ಮೇಲೆ ಅಲ್ಲಿನ ಮೇಲ್ವಿಚಾರಕರು ಬಂದು, "ಯಾಕಮ್ಮಾ, ಕಂಪ್ಯೂಟರ್ ಕೆಟ್ಟದೇನು?" ಎಂದು ಕೇಳಿದರಂತೆ. ಇವಳು ಎದ್ದು ನಿಂತು ಹೇಳಿದಳಂತೆ: "ಇಲ್ರಿ ಸರ್, ಹುಕುಂ ಬಂದಿಲ್ರಿ ಸರ್."

ಉಳಿದ ಅರ್ಧ ಹೊತ್ತಿನಲ್ಲಿ ಅವಳು ಮುಟ್ಟಿದ ಪ್ರಶ್ನೆಗಳು ಸಾಲುವಷ್ಟಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ನಗು ನಿಂತಿತು. ಭಾಯಿಯ ಒಂದೇ ಒಂದು ಕ್ಲಾಸು ಸಾಕಾಗುತ್ತಿತ್ತು. ಒಂದು ಬೆರಳು ಒತ್ತುವುದಿತ್ತು, ಆ ಬೆರಳನ್ನು ಹಿಡಿದು ನಿಲ್ಲಿಸಿದವನು ನಾನು. ನೆಲ ನೋಡುತ್ತ ಕೂತೆ. ಹುಡುಗಿ ಕದಲಲಿಲ್ಲ. ಕಣ್ಣು ತುಂಬಿತ್ತು, ರೆಪ್ಪೆ ಕೂಡ ಆಡಿಸಲಿಲ್ಲ.

ಕೊನೆಗೆ ಆಯಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸರ್, ವಿಶ್ರಾಮ್ ಅಂದುಬಿಡ್ರಿ. ನೀವು ಅನ್ನೂತನಕ ಅಕಿ ಅಳಂಗಿಲ್ಲ."

"ವಿಶ್ರಾಮ್," ಅಂದೆ.

ಹುಡುಗಿ ಆಯಿಯ ಹೆಗಲಿಗೆ ಮುಖ ಇಟ್ಟಳು. ಆದರೆ ಅವಳಿಗಿಂತ ಮೊದಲು ಅತ್ತವನು ನಾನು, ಅದೂ ಯಾರ ಹುಕುಂ ಇಲ್ಲದೆ.