ಒಂಟಿ ಗಾಲಿಯ ಚಾರ್ಜು

ನನಗೊಂದು ಚಟವಿದೆ. ಕುಡಿಯುವುದೋ ಸೇದುವುದೋ ಅಲ್ಲ, ಅದಾಗಿದ್ದರೆ ನನ್ನ ಹೆಂಡತಿ ಸುಮಿತ್ರ ಎಂದೋ ಬಿಡಿಸಿರುತ್ತಿದ್ದಳು. ಯಾವುದಾದರೂ ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಅದರ ಅಪ್ಪ ಯಾರು, ತಾತ ಯಾರು, ಮೂಲದಲ್ಲಿ ಯಾವ ಊರಿನದು ಎಂದು ವಿಚಾರಿಸದೆ ನನಗೆ ಊಟ ಸೇರುವುದಿಲ್ಲ. ನಮ್ಮ ಮಾವನವರು ನನ್ನ ವಿಷಯದಲ್ಲಿ ಇದರ ಅರ್ಧದಷ್ಟು ವಿಚಾರಿಸಿದ್ದರೂ ಈ ಮದುವೆ ನಡೆಯುತ್ತಿರಲಿಲ್ಲ ಎಂದು ಸುಮಿತ್ರ ಆಗಾಗ ಹೇಳುತ್ತಾಳೆ. ಅವಳು ಹರದನಹಳ್ಳಿಯ ಶಾಲೆಯಲ್ಲಿ ಮೇಡಂ. ನಮ್ಮ ಮನೆಯೂ ಅಲ್ಲೇ. ನನ್ನ ಕೆಲಸ ಮಾತ್ರ ಗುಂಡ್ಲುಪೇಟೆಯ ಒಂದು ಸರ್ಕಾರಿ ಬೀಜದ ಉಗ್ರಾಣದಲ್ಲಿ. ಎಂಟು ವರ್ಷ, ದಿನಾ ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು. ನಿಘಂಟು ಓದುವ ಚಟ ಬೆಳೆದದ್ದೇ ಆ ಬಸ್ಸುಗಳಲ್ಲಿ, ಅದೂ ಸೀಟು ಸಿಕ್ಕ ದಿನ. ಸಿಗದ ದಿನ ಬೆಳೆದದ್ದು ಸೊಂಟನೋವು.

ಇಂಥ ನನಗೆ ಕೊನೆಗೂ ಚಾಮರಾಜನಗರಕ್ಕೆ ವರ್ಗವಾಯಿತು. ಮನೆಯಿಂದ ಸ್ಕೂಟರಿನಲ್ಲಿ ಹೋಗಿ, ಸಂಜೆ ಕಾಫಿಗೆ ಮನೆಯಲ್ಲಿರಬಹುದಾದ ಜಾಗ. ಆದೇಶ ಓದಿ ನನ್ನ ಸೊಂಟ ನನಗಿಂತ ಮೊದಲು ಸಂತೋಷಪಟ್ಟಿತು. ಆದರೆ ತಿಂಗಳ ಕೊನೆಯೊಳಗೆ ಬಿಡುಗಡೆಯಾಗದಿದ್ದರೆ ಆದೇಶ ರದ್ದು ಎಂದು ಕೆಳಗೊಂದು ಸಾಲು ಇತ್ತು. ಬಿಡುಗಡೆಯಾಗಬೇಕಾದರೆ ಬರುವವರಿಗೆ ಚಾರ್ಜ್ ಕೊಡಬೇಕು. ಅಂದರೆ ಉಗ್ರಾಣದಲ್ಲಿರುವುದೆಲ್ಲವನ್ನೂ ಪಟ್ಟಿ ಹಿಡಿದು ತೋರಿಸಬೇಕು, ಅವರು ನೋಡಿ ಸಹಿ ಹಾಕಬೇಕು. ನೋಡುವುದು ಎಂಬ ಭಾಗವನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ನಾನೂ ಎಂಟು ವರ್ಷದ ಹಿಂದೆ ಟೀ ಕುಡಿಯುತ್ತಾ ಸಹಿ ಹಾಕಿದ್ದೆ.

ನನ್ನ ಜಾಗಕ್ಕೆ ಬಂದವರು ಶಿವನಂಜಪ್ಪನವರು, ಪುಣಜನೂರಿನವರು. ಕಾಡಂಚಿನವರಿಗೆ ನೆಲ ನೋಡದೆ ಹೆಜ್ಜೆ ಇಡುವ ಅಭ್ಯಾಸವಿಲ್ಲ. ಎದುರಿಗೆ ಆನೆ ಇದ್ದರೆ ಸಹಿ ಹಾಕಿ ಪ್ರಯೋಜನವೂ ಇಲ್ಲ. ಅವರು ತಕ್ಕಡಿ ನೋಡಿದರು, ಮೊಂಡಾದ ಕತ್ತರಿ ನೋಡಿದರು, ಮೂರು ಕಾಲಿನ ಕುರ್ಚಿಯನ್ನು ತಿರುಗಿಸಿ ನೋಡಿದರು. ಕೊನೆಗೆ ಹಿಂದಿನ ಷೆಡ್ಡಿಗೆ ಬಂದರು.

"ಏನ್ ಸಾ ಇದು? ಎತ್ತಿನ ಗಾಡಿ ಒಂದು, ಗಾಲಿ ಎರಡು ಅಂತ ಬರ್ದದೆ. ಇಲ್ಲಿ ಒಂದೇ ಗಾಲಿ ಅದೆ. ನಾ ಎಂಗ್ ಸಹಿ ಹಾಕ್ಲಿ?"

ಗಾಡಿ ಒಂದು ಕಡೆಗೆ ಒರಗಿ ನಿಂತಿತ್ತು. ಎಂಟು ವರ್ಷದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಅಟೆಂಡರ್ ಕೆಂಪಮ್ಮನ ಕಡೆ ನೋಡಿದೆ, ಎಲ್ಲ ತಪ್ಪಿಗೂ ಮೊದಲು ಅಟೆಂಡರ್ ಕಡೆ ನೋಡುವುದು ನಮ್ಮ ಪದ್ಧತಿ.

"ನನ್ಯಾಕ್ ನೋಡೀರಿ ಸಾ? ನೀವ್ ಬಂದ್ ಒಸ್ದರಲ್ಲಿ ಗಾಲಿ ಕಾಲ್ಗೆಡವ್ತದೆ, ಯಾರಾರ ತಕ್ಕೊಂಡ್ ಓಗ್ಲಿ ಅಂದ್ರಲ್ಲ. ಊಟಿ ರಸ್ತೆ ಓಟ್ಲೋರು ತಕ್ಕೊಂಡ್ ಓದ್ರು," ಎಂದಳು ಕೆಂಪಮ್ಮ.

ನೆನಪಾಯಿತು. ಅಷ್ಟೇ ಅಲ್ಲ, ಆ ಹೋಟೆಲಿನ ಮುಂದೆ ಬಣ್ಣ ಬಳಿದು ನಿಲ್ಲಿಸಿದ ಗಾಲಿಯ ಪಕ್ಕ ನಾನೂ ಸುಮಿತ್ರಳೂ ಫೋಟೋ ತೆಗೆಸಿಕೊಂಡಿದ್ದೆವು. 'ಹಳೇ ಕಾಲದ ವಸ್ತುಗಳನ್ನು ಉಳಿಸಿಕೊಳ್ಳುವುದನ್ನು ಇವರಿಂದ ಕಲಿಯಬೇಕು' ಎಂದು ನಾನೇ ಅವಳಿಗೆ ಉಪದೇಶ ಮಾಡಿದ್ದೆ. ಆ ಫೋಟೋ ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿದೆ.

ತಿಂಗಳು ಮುಗಿಯಲು ಉಳಿದದ್ದು ಮೂರು ದಿನ. ಗಾಡಿಯನ್ನು ಪಟ್ಟಿಯಿಂದ ತೆಗೆಸೋಣವೆಂದರೆ, ಅದು ಕೆಲಸಕ್ಕೆ ಬಾರದ್ದು ಎಂದು ತೀರ್ಮಾನಿಸಲು ಸಮಿತಿ ಬರಬೇಕು. ಸಮಿತಿ ಬರುವ ಹೊತ್ತಿಗೆ ನಾನೇ ಆ ತೀರ್ಮಾನಕ್ಕೆ ತಯಾರಾಗಿರುತ್ತಿದ್ದೆ. ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ದುಃಖದಲ್ಲಿದ್ದವನು ನಿಘಂಟು ತೆಗೆದು ಚಾರ್ಜ್ ಎಂಬ ಪದ ನೋಡಿದೆ.

ಅದರ ಮುತ್ತಾತ ಲ್ಯಾಟಿನ್ನಿನಲ್ಲಿ ಒಂದು ಗಾಡಿ. ಉತ್ಪ್ರೇಕ್ಷೆಯಲ್ಲ, ಅಚ್ಚಾದದ್ದು ಹೇಳುತ್ತಿದ್ದೇನೆ. ಆ ಗಾಡಿಗೆ ಹೊರೆ ಹೇರುವುದೇ ಮೊದಮೊದಲ ಚಾರ್ಜು. ಫ್ರೆಂಚರ ಕೈ ದಾಟಿ ಇಂಗ್ಲಿಷಿಗೆ ಬಂದಮೇಲೆ ಗಾಡಿಯ ಹೊರೆ ಮನುಷ್ಯರ ತಲೆಗೇರಿತು, ಜವಾಬ್ದಾರಿಯಾಯಿತು. ಜವಾಬ್ದಾರಿ ತಪ್ಪಿದವನ ಮೇಲೆ ಹೊರಿಸಿದ್ದು ಆಪಾದನೆಯಾಯಿತು. ಬಂದೂಕಿಗೆ ತುಂಬಿದ ಮದ್ದೂ ಚಾರ್ಜು, ಕುದುರೆಯೇರಿ ಶತ್ರುವಿನ ಮೇಲೆ ಬೀಳುವುದೂ ಚಾರ್ಜು. ನಮ್ಮಲ್ಲಿಗೆ ಬಂದು ಬಸ್ ಚಾರ್ಜಾಯಿತು, ಲಾಠಿ ಚಾರ್ಜಾಯಿತು, ಈಗ ಮೊಬೈಲಿನೊಳಗೆ ಹೋಗಿ ಕೂತಿದೆ. ಇಷ್ಟು ದೇಶ, ಇಷ್ಟು ಶತಮಾನ ಸುತ್ತಿದ ಪದ ಕೊನೆಗೆ ಗುಂಡ್ಲುಪೇಟೆಯ ಷೆಡ್ಡಿನಲ್ಲಿ ತನ್ನ ಗಾಡಿಯನ್ನು ಹುಡುಕಿಕೊಂಡು ಬಂದರೆ ಅದಕ್ಕೆ ಒಂದೇ ಗಾಲಿ. ನನಗೆ ನಿಜವಾಗಿ ನಾಚಿಕೆಯಾಯಿತು. ಮನೆಗೆ ಹೋಗಿ ಸುಮಿತ್ರಳಿಗೆ ಇದನ್ನೆಲ್ಲ ಹೇಳಿದೆ. "ಪದ ಆಮೇಲ್ ನೋಡನ, ಮೊದ್ಲು ಗಾಲಿ ತನ್ನಿ," ಎಂದಳು.

ಮರುದಿನ ಹೋಟೆಲಿನ ಯಜಮಾನರ ಮುಂದೆ ನಿಂತೆ. ಕೇರಳದವರು, ಗುಂಡ್ಲುಪೇಟೆಯಲ್ಲಿ ನೆಲೆಸಿ ಬಹಳ ವರ್ಷವಾಗಿದೆ. "ಅಯ್ಯೋ ಸಾರೇ, ಅದು ತೆಗೆದ್ರೆ ಜನ ಎಲ್ಲಿ ನಿಂತು ಫೋಟೋ ತೆಗೀತಾರೆ? ಬಂಡೀಪುರಕ್ಕೆ ಹೋಗೋರು ಹುಲಿ ಕಾಣದಿದ್ರೆ ಇದನ್ನಾದ್ರೂ ನೋಡ್ತಾರೆ," ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ಸೊಂಟದ ಕಥೆ ಹೇಳಿದೆ. ಅವರಿಗೂ ಸೊಂಟನೋವಿತ್ತು. ಒಂದು ದಿನದ ಮಟ್ಟಿಗೆ ಕೊಡಲು ಒಪ್ಪಿದರು.

ಗೂಡ್ಸ್ ಆಟೋದಲ್ಲಿ ಗಾಲಿ ಬಂತು. ಒಂದು ಗಾಲಿ ಗೆದ್ದಲು ತಿಂದದ್ದು, ಇನ್ನೊಂದು ಕೆಂಪು ಹಳದಿ ಬಣ್ಣದ್ದು, ಕಡ್ಡಿಗಳ ಮಧ್ಯೆ ಸೀರಿಯಲ್ ಲೈಟು. ಶಿವನಂಜಪ್ಪನವರು ಸುತ್ತ ಒಂದು ಪ್ರದಕ್ಷಿಣೆ ಬಂದರು. "ಗಾಲಿ ಎರಡು," ಎಂದು ಗುರುತು ಹಾಕಿ ಸಹಿ ಮಾಡಿದರು. ಗಾಲಿ ಒಂದೇ ದಿನಕ್ಕೆ ತಂದದ್ದು ಎಂಬ ಸತ್ಯವನ್ನು ನಾನು ಹೇಳಲು ಹೊರಟೆ. ಅವರೇ ಕೈ ತೋರಿಸಿ ತಡೆದರು.

"ನಾ ನೋಡಾಯ್ತಲ್ಲ ಸಾ, ಈಗ ವಾಪಸ್ ಕಳಿಸ್ಬುಡಿ. ನಿನ್ನೆ ನಾನೂ ಆ ಓಟ್ಲಲ್ಲೇ ಊಟ ಮಾಡ್ದೆ, ಗಾಲಿ ಕಂಡೆ. ನಾ ಚಾರ್ಜ್ ಕೊಡೋ ದಿವ್ಸ ನಾನೇ ಇಸ್ಕೊಂಡ್ ಬತ್ತೀನಿ."

ಇಷ್ಟು ಒಳ್ಳೆಯ ಅಧಿಕಾರಿಯನ್ನು ನಾನು ಸರ್ವೀಸಿನಲ್ಲಿ ಕಂಡಿಲ್ಲ. ಕೊನೆಯ ಬಾರಿಗೆ ಎರಡು ಬಸ್ಸು ಹತ್ತಿ ಮನೆಗೆ ಬಂದೆ. ಇನ್ನು ಮುಂದೆ ನೋಡದೆ ಸಹಿ ಹಾಕುವುದಿಲ್ಲ ಎಂದು ದಾರಿಯುದ್ದಕ್ಕೂ ಶಪಥ ಮಾಡಿದೆ.

ಮರುದಿನ ಚಾಮರಾಜನಗರದ ಕಚೇರಿಯಲ್ಲಿ ಪಟ್ಟಿ ಮುಂದಿಟ್ಟರು, ಜೊತೆಗೆ ಟೀಯನ್ನೂ ಇಟ್ಟರು. ಸಂತೋಷದಲ್ಲಿದ್ದೆ, ಸಹಿ ಹಾಕಿದೆ. ಮಧ್ಯಾಹ್ನ ಬಿಡುವಾದಾಗ ಓದಿದೆ. ಮೊದಲ ಸಾಲಿನಲ್ಲೇ ಇತ್ತು: ಉಳುವ ಎತ್ತು, ಎರಡು. ನನ್ನ ತಾತನ ಕಾಲದ ಎತ್ತುಗಳಿರಬೇಕು. ಎದುರಿನ ಷರಾದ ಅಂಕಣದಲ್ಲಿ ಹಿಂದಿನವರೆಲ್ಲ ಒಬ್ಬರ ಕೆಳಗೊಬ್ಬರು ಮುದ್ದಾದ ಅಕ್ಷರದಲ್ಲಿ 'ಮೇಯಲು ಹೋಗಿವೆ' ಎಂದು ಬರೆದಿದ್ದರು. ಸ್ವಲ್ಪ ಹೊತ್ತು ಯೋಚಿಸಿ, ನಾನೂ ಅದರ ಕೆಳಗೆ 'ಮೇಯಲು ಹೋಗಿವೆ' ಎಂದು ಬರೆದೆ.

ಸಂಜೆ ಐದೂಮುಕ್ಕಾಲಿಗೆ ಮನೆಯಲ್ಲಿದ್ದೆ. ಎಂಟು ವರ್ಷದಲ್ಲಿ ಮೊದಲ ಸಲ ಕೆಲಸದ ದಿನ ನಮ್ಮ ಬೀದಿಯನ್ನು ಸಂಜೆ ಬೆಳಕಿನಲ್ಲಿ ನೋಡಿದೆ. ಸುಮಿತ್ರಳಿಗೆ ಎತ್ತಿನ ವಿಷಯ ಹೇಳಿದೆ, ನಾನು ಬರೆದದ್ದನ್ನೂ ಹೇಳಿದೆ. ಅವಳು ನಗಲಿಲ್ಲ. ಕಾಫಿ ಲೋಟ ನನ್ನ ಮುಂದಿಟ್ಟು ಹೇಳಿದಳು:

"ಎರಡೆತ್ತಲ್ಲಿ ಒಂದಾದ್ರೂ ಹೊತ್ ಮುಳುಗಕ್ ಮುಂಚೆ ಮನೆ ಸೇರ್ತಲ್ಲ, ಬುಡಿ."