ಉಸ್ತಾದರ ಕಾರು ಕಾದದ್ದು

ಗಂಗಾವತಿಯಲ್ಲಿ ಗ್ಯಾರೇಜು ಇಟ್ಟವನಿಗೆ ನಗುವಿಗೆ ಬರವಿಲ್ಲ. ಬಾನೆಟ್ ಎತ್ತಿದರೆ ಹಬೆಯ ಜೊತೆ ಒಂದು ಕತೆಯೂ ಹೊರಗೆ ಬರುತ್ತದೆ. ಮೊದಲು ನಗಲು ಇಬ್ಬರಿದ್ದೆವು: ನಾನು, ನನಗೆ ಕೆಲಸ ಕಲಿಸಿದ ಉಸ್ತಾದರು. ಅವರೀಗ ಕುಷ್ಟಗಿಯಲ್ಲಿ ಮಗಳ ಮನೆ ಸೇರಿದ್ದಾರೆ. ಅವರ ಖಾಲಿ ಸ್ಟೂಲು ಕಂಡರೆ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.

1. ಬಾಳೆಕಂದಿನ ಕಾರು

ಆಯುಧಪೂಜೆಯ ಮರುದಿನ ಆನೆಗೊಂದಿಯ ರೈತರೊಬ್ಬರ ಕಾರು ಬುಸುಗುಡುತ್ತ ಬಂತು. ಮುಂದಿನ ಜಾಲರಿ ಕಾಣದಂತೆ ಬಾಳೆಕಂದು, ಚೆಂಡುಹೂವು.

"ಯಜಮಾನ್ರ, ರೇಡಿಯೇಟರಿಗೆ ಗಾಳಿ ಹೋಗಾಕ ಜಾಗಾನ ಇಲ್ಲ. ಇವನ್ನ ಬಿಚ್ಚೂನ್ರಿ."

"ಪೂಜಿ ಮಾಡಿ ಕಟ್ಟಿದ್ದು ಮೂರು ದಿನ ಬಿಚ್ಚಂಗಿಲ್ರಿ. ಬೇಕಾದ್ರ ಇಂಜಿನ್ ಬಿಚ್ರಿ!"

ಏನು ಮಾಡಲೆಂದು ಉಸ್ತಾದರಿಗೆ ಫೋನ್ ಮಾಡಿದೆ. ಕೆಮ್ಮು ಬರುವವರೆಗೆ ನಕ್ಕರು. ಆ ನಗು ಕೇಳಲೆಂದೇ ಮಾಡಿದ್ದೆ.

2. ನಾಲ್ಕು ಕೊಡ ನೀರು

ಸುಗ್ಗಿಯಲ್ಲಿ ಮರಳಿ ಊರಿನ ಮೇಷ್ಟ್ರು ಮದುವೆಗೆ ಹೊರಟವರು ನನ್ನ ಗ್ಯಾರೇಜಿನಲ್ಲಿ ನಿಂತರು. ರಾಶಿ ಮಾಡುವ ಕಣದಲ್ಲೇ ಕಾರು ನಿಲ್ಲಿಸಿದ್ದರಿಂದ ರೇಡಿಯೇಟರಿನ ತುಂಬ ಭತ್ತದ ಹೊಟ್ಟು. ಕಾದ ಇಂಜಿನ್ನಿಗೆ ದಾರಿಯುದ್ದಕ್ಕೂ ಸುರಿಯಲು ಹಿಂದಿನ ಸೀಟಿನಲ್ಲಿ ಎರಡು ಕೊಡ, ಮುಂದೆ ಎರಡು ಕೊಡ ನೀರು.

"ಅಕ್ಕಾರು ಎಲ್ರಿ?" ಅವರ ಹೆಂಡತಿ ಕಾಣದೆ ಕೇಳಿದೆ.

"ಕೊಡ ಇಟ್ಟ ಮ್ಯಾಲ ಆಕಿಗೆ ಜಾಗ ಎಲ್ಲೈತ್ರಿ? ಬಸ್ಸಿನ್ಯಾಗ ಬರಾಕತ್ಯಾಳ!"

ಮತ್ತೆ ಫೋನ್ ಮಾಡಿದೆ. ಉಸ್ತಾದರು ನಕ್ಕು, ಆಮೇಲೆ ಗದರಿದರು: "ಹೊಟ್ಟು ತೊಳಿಯೂದು ನಿನಗ ಗೊತ್ತಿಲ್ಲೇನು? ಇಷ್ಟಿಷ್ಟಕ್ಕ ಕೇಳಾಕ ನಾ ಕೆಲಸ ಕಲಿಸಿಲ್ಲ."

ಅಲ್ಲಿಗೆ ನನ್ನ ನೆಪ ಮುಗಿಯಿತು. ಸುಮ್ಮನೆ "ನೆನಪಾತ್ರಿ" ಎನ್ನಲು ನಾಚಿಕೆ. ಇಪ್ಪತ್ತು ವರ್ಷ ನಮ್ಮಿಬ್ಬರ ನಡುವೆ ನಡೆದದ್ದು ಇಂಜಿನ್ನಿನ ಮಾತೇ. ಆದರೂ ದಿನವೂ ಅವರ ದನಿಗೆ ಹಂಬಲಿಸುತ್ತಿದ್ದೆ.

3. ತಾನಾಗಿ ಬಿಚ್ಚಿದ ವೈರು

ಹೋದ ಅಮಾವಾಸ್ಯೆ ದಿನ ಅವರೇ ಫೋನ್ ಮಾಡಿದರು. "ನನ್ನ ಕಾರು ಭಾಳ ಕಾಯಾಕತ್ತೈತಿ. ಅಮಾಸಿಗೆ ನಿನ್ನ ಗ್ಯಾರೇಜು ಬಂದ್ ಅಲ್ಲೇನು? ಬಾ."

ಕುಷ್ಟಗಿಗೆ ಓಡಿದೆ. ಇಂಜಿನ್ ತಂಪಿಡುವ ಕೂಲಂಟ್ ತುಂಬಿತ್ತು. ಪೈಪು ಎಲ್ಲೂ ಸೋರುತ್ತಿರಲಿಲ್ಲ. ಇಂಜಿನ್ ಕಾದರೂ ರೇಡಿಯೇಟರಿನ ಫ್ಯಾನು ಮಾತ್ರ ತಿರುಗಲಿಲ್ಲ. ಬಗ್ಗಿ ನೋಡಿದರೆ ಅದರ ವೈರು ಬಿಚ್ಚಿತ್ತು, ತುದಿಗೆ ಟೇಪು ಸುತ್ತಿತ್ತು. ಮುಂದೆ ಬಿಚ್ಚುವವನಿಗೆ ಸುಲಭವಾಗಲೆಂದು ಟೇಪಿನ ಕೊನೆಯನ್ನು ಚೂರು ಮಡಚಿಡುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ಇಲ್ಲೂ ಹಾಗೇ ಮಡಚಿತ್ತು.

ಐದು ನಿಮಿಷದ ಕೆಲಸವನ್ನು ಸಂಜೆಯವರೆಗೆ ಎಳೆದೆ. ಉಸ್ತಾದರು ಪಕ್ಕದಲ್ಲೇ ಕೂತು ಬಾಳೆಕಂದಿನ ಕಾರಿನ ಕತೆಯನ್ನು ಎರಡು ಸಲ ಹೇಳಿಸಿಕೊಂಡರು. ಹೊರಡುವಾಗ ವೈರು ಸಿಕ್ಕಿಸಿದೆ. ಫ್ಯಾನು ತಿರುಗಿತು.

"ಉಸ್ತಾದರ, ಈ ವೈರು ತಾನ ಬಿಚ್ಚಿಕೊಂಡು, ತಾನ ಟೇಪು ಸುತ್ತಿಕೊಂಡೈತ್ರಿ."

ಅವರು ನನ್ನ ಮುಖ ನೋಡದೆ ಬಾನೆಟ್ ಮುಚ್ಚಿದರು.

"ಹಳೇ ಗಾಡಿ ಅಲ್ಲೇನು? ಮುಂದಿನ ಅಮಾಸಿಗೂ ಬಿಚ್ಚಿಕೊಳ್ಳತೈತಿ. ಮುಂಜಾನಿನ ಬಾ, ಊಟಕ್ಕ ಇಲ್ಲೇ ಇರು."