ಹುಲ್ಲು ಕಾಯುವವರ ಪಾಡು

ಗಿಡ ನೆಡುವವರನ್ನು ಕಂಡರೆ ಜನ ಕೈ ಮುಗಿಯುತ್ತಾರೆ. ಹುಲ್ಲು ಉಳಿಸುವವರನ್ನು ಕಂಡರೆ ಮೊದಲು ನಗುತ್ತಾರೆ, ಆಮೇಲೆ ಮನೆಯಲ್ಲಿ ಎಲ್ಲ ಆರಾಮವೇ ಎಂದು ಕೇಳುತ್ತಾರೆ. ಈ ಕೆಲಸಕ್ಕೆ ಕೈ ಹಾಕಿದ ಮೇಲೆ ಇಂಥ ಪ್ರಸಂಗಗಳು ವಾರಕ್ಕೊಂದಾದರೂ ಎದುರಾಗುತ್ತವೆ. ಈಗ ಬೇಜಾರೂ ಆಗುವುದಿಲ್ಲ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ವಾರವೆಲ್ಲ ಕಬ್ಬಿಣ, ಭಾನುವಾರ ಹುಲ್ಲು. ಹರಿಹರ ತಾಲ್ಲೂಕಿನ ಕೊಕ್ಕನೂರಿನ ಹತ್ತಿರ ಹತ್ತೆಕರೆ ಸರ್ಕಾರಿ ಜಾಗವಿದೆ. ಯಾರೂ ಎಂದೂ ಉಳದ ನೆಲವಾದ್ದರಿಂದ ಹಳೆಯ ಕಾಲದ ಹುಲ್ಲು ಇನ್ನೂ ಬೇರು ಹಿಡಿದುಕೊಂಡು ಕೂತಿದೆ. ಇಂಥ ಹುಲ್ಲುಗಾವಲು ನಮ್ಮ ಸೀಮೆಯಲ್ಲಿ ಈಗ ಹುಡುಕಿದರೂ ಸಿಗುವುದಿಲ್ಲ. ಅದರ ಮೇಲೆ ಹಬ್ಬಿದ ಬಳ್ಳಾರಿ ಜಾಲಿಯನ್ನು ಕಿತ್ತು ಹಾಕುವುದೇ ನಮ್ಮ ಸಂಘದ ಕೆಲಸ. ಅಧ್ಯಕ್ಷರು ಬಟ್ಟೆ ಅಂಗಡಿಯ ಸಾಹುಕಾರರು. ಹುಲ್ಲಿನ ಹೆಸರು ಗೊತ್ತಿರುವವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಒಬ್ಬರೇ. ಕಾರ್ಯದರ್ಶಿ ನಾನು, ಅಂದರೆ ಎಲ್ಲರಿಂದ ಬೈಸಿಕೊಳ್ಳುವವನು.

ನಮಗಿರುವ ಭಯ ಒಂದೇ. ಒಂದಲ್ಲ ಒಂದು ದಿನ ಯಾರಾದರೂ ಒಳ್ಳೆಯ ಮನಸ್ಸಿನವರು ಬಂದು, ಖಾಲಿ ಜಾಗ ಎಂದುಕೊಂಡು, ಅಲ್ಲಿ ತುಂಬ ಸಸಿ ನೆಟ್ಟುಬಿಡುತ್ತಾರೆ. ಮರದ ನೆರಳು ಬಿದ್ದರೆ ಆ ಹುಲ್ಲಿನ ಕಥೆ ಮುಗಿದಂತೆ.

ಎಷ್ಟು ದನ?

ಮದುವೆಯೊಂದರ ಊಟದ ಪಂಕ್ತಿಯಲ್ಲಿ ನನ್ನ ಹೆಂಡತಿಯ ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು. ಕಡರನಾಯಕನಹಳ್ಳಿಯವರು, ಮನೆ ತುಂಬ ದನ ಇರುವವರು.

"ಭಾನುವಾರ ಮನ್ಯಾಗೇ ಇರಲ್ಲಂತೆ, ಎಲ್ಲಿಗೆ ಹೋಗ್ತೀರಿ ಅಳಿಯಂದ್ರು?" ಎಂದರು.

"ಹುಲ್ಲು ಉಳಿಸಾಕೆ ಹೋಗ್ತೀವ್ರಿ ಮಾವ."

"ಚಲೋ ಆತು. ಎಷ್ಟು ದನ ಕಟ್ಟೀರಿ?"

"ದನ ಇಲ್ರಿ."

"ಕುರಿ?"

"ಅವೂ ಇಲ್ರಿ."

ಅವರು ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ವಾಪಸ್ ಇಟ್ಟರು. "ಕೂಸು ಹುಟ್ಟೋಕಿಂತ ಮೊದ್ಲೇ ಕುಲಾವಿ ಹೊಲಿಸ್ದಂಗಾತಲ್ರಿ ಇದು" ಎಂದವರು, ದನಿ ತಗ್ಗಿಸಿ ಹೇಳಿದರು: "ಇರ್ಲಿ ಬಿಡ್ರಿ, ಯಾರ ಮುಂದೂ ಹೇಳಬ್ಯಾಡ್ರಿ. ಒಂದು ಎಮ್ಮೆ ನಾನೇ ಕೊಡಿಸ್ತೀನಿ."

ಉದ್ಘಾಟನೆ

ಈಗೆಲ್ಲ ಸಮಾರಂಭವೆಂದರೆ ಗಿಡಕ್ಕೆ ನೀರೆರೆದು ಉದ್ಘಾಟಿಸುವುದು ರೂಢಿ. ನಮ್ಮದು ಗಿಡ ಕೀಳುವ ಸಂಘ. ಆದ್ದರಿಂದ "ಜಾಲಿ ಗಿಡ ಕೀಳುವ ಮೂಲಕ ಉದ್ಘಾಟನೆ" ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದೆವು. ಮುಖ್ಯ ಅತಿಥಿಗಳು ವಯಸ್ಸಾದ ಮುಖಂಡರು. ಎಳೆದಾಗ ಬರದಿದ್ದರೆ ಅವರ ಮರ್ಯಾದೆ ಏನಾಗಬೇಕು? ಹಿಂದಿನ ದಿನವೇ ಹೋಗಿ ಒಂದು ಮೊಳಕಾಲುದ್ದದ ಗಿಡದ ಸುತ್ತ ಆಳಕ್ಕೆ ಅಗೆದು, ಬುಡ ಸಡಿಲ ಮಾಡಿ ನಿಲ್ಲಿಸಿ ಬಂದೆ.

ಒಂದೇ ಎಳೆತಕ್ಕೆ ಬಂತು. ಚಪ್ಪಾಳೆ ಬಿತ್ತು. ಶಾಲು, ಹಾರ ಆದವು. ಆಮೇಲೆ ನಮ್ಮ ಅಧ್ಯಕ್ಷರು, ಊರಿನ ಎಲ್ಲ ಸಮಾರಂಭಗಳಲ್ಲಿ ಮಾಡಿಕೊಂಡು ಬಂದ ಅಭ್ಯಾಸ ಬಿಡಲಾರದೆ, ನೆನಪಿನ ಕಾಣಿಕೆಯೆಂದು ಅತಿಥಿಗಳ ಕೈಗೆ ಒಂದು ಬೇವಿನ ಸಸಿ ಕೊಟ್ಟರು. ಅದನ್ನು ಯಾವಾಗ ತಂದಿದ್ದರೋ ನನಗೆ ಗೊತ್ತಿಲ್ಲ. ಅತಿಥಿಗಳು ಕೆಳಗೆ ನೋಡಿದರು. ಕಾಲ ಬಳಿಯಲ್ಲೇ, ಈಗಷ್ಟೇ ಜಾಲಿ ಕಿತ್ತ ಜಾಗದಲ್ಲಿ, ಒಳ್ಳೆಯ ಗುಂಡಿ.

"ಎಲ್ಲಾ ಮೊದ್ಲೇ ತಯಾರಿ ಮಾಡೀರಲ್ರೀ!" ಎಂದು ಸಸಿಯನ್ನು ಅದರಲ್ಲಿ ನೆಟ್ಟು, ಮಣ್ಣು ಮುಚ್ಚಿ, ನೀರು ಹಾಕಿಯೇಬಿಟ್ಟರು. ಎರಡನೇ ಚಪ್ಪಾಳೆ ಮೊದಲನೆಯದಕ್ಕಿಂತ ಜೋರಾಗಿತ್ತು. ಮೇಡಂ ಮುಖ ಆ ಕಡೆ ತಿರುಗಿಸಿಕೊಂಡರು.

ಅವರ ಕಾರು ಕೊಕ್ಕನೂರು ದಾಟುವವರೆಗೆ ಕಾದು ಸಸಿ ಕಿತ್ತೆವು. ಮುಂದಿನ ವರ್ಷ ಅವರ ಫೋನ್ ಬಂತು.

"ಸಾಹುಕಾರ್ರೇ, ನನ್ನ ಗಿಡ ಹೆಂಗೈತೆ?"

"ಆಳೆತ್ತರ ಆಗೈತ್ರಿ" ಎಂದರು ನಮ್ಮ ಅಧ್ಯಕ್ಷರು.

ಅವರು ವ್ಯಾಪಾರದಲ್ಲೂ ಸುಳ್ಳು ಹೇಳದ ಮನುಷ್ಯ. ಸಾಹುಕಾರರ ಮನೆಯ ಕಾಂಪೌಂಡಿನಲ್ಲಿ ಆ ಬೇವು ನಿಜವಾಗಿಯೂ ಆಳೆತ್ತರ ಆಗಿತ್ತು.

ಕೆಂಪು ಬಾವುಟ

ಅಲ್ಲಿ ಕುರಿ ಮೇಯಿಸುವ ಅಜ್ಜ ಒಬ್ಬರಿದ್ದಾರೆ. ಮಿತಿಯಲ್ಲಿ ಮೇಯ್ದರೆ ಹುಲ್ಲಿಗೂ ಒಳ್ಳೆಯದೇ, ಹಾಗಾಗಿ ನಮಗೂ ಅವರಿಗೂ ಜಗಳವಿಲ್ಲ. ಒಮ್ಮೆ ಮೇಡಂ ತಿಂಗಳುಗಟ್ಟಲೆ ಹುಡುಕಿ, ಬಹಳ ಅಪರೂಪದ ಒಂದು ಹುಲ್ಲನ್ನು ಐದು ಕಡೆ ಪತ್ತೆ ಮಾಡಿ, ಗುರುತಿಗೆ ಐದು ಕೆಂಪು ಬಾವುಟ ನೆಟ್ಟರು.

"ಅಜ್ಜಾರೆ, ಬಾವುಟ ಇರೋ ಕಡೆ ಬೀಜ ಆಗೋ ತನಕ ಕುರಿ ಬಿಡಬ್ಯಾಡ್ರಿ" ಎಂದರು. ಅಜ್ಜ ಭಕ್ತಿಯಿಂದ ತಲೆಯಾಡಿಸಿದರು.

ಮುಂದಿನ ಭಾನುವಾರ ನೋಡಿದರೆ ಐದೂ ಕಡೆ ಬಾವುಟ ಮಾತ್ರ ನಿಂತಿತ್ತು. ಬೇರು ಗಟ್ಟಿ ಇದ್ದುದರಿಂದ ಮಳೆಗೆ ಮತ್ತೆ ಚಿಗುರಿತು ಅನ್ನಿ, ಆದರೆ ಆವತ್ತು ಮೇಡಂಗೆ ಅಳುವೇ ಬಂದಿತ್ತು.

"ನಾನು ಬಿಡ್ಲಿಲ್ಲವ್ವ, ಅವೇ ನುಗ್ಗಿದ್ವು" ಎಂದರು ಅಜ್ಜ. "ಈ ಹುಲ್ಲು ಅಂದ್ರೆ ಅವಕ್ಕೆ ಪ್ರಾಣ. ಮೊದ್ಲೆಲ್ಲ ಪಾಪ, ಹುಡುಕ್ಕಂಡು ದಿನಾ ಅಲೀತಿದ್ವು. ಈಗ ಬಾವುಟ ಕಂಡ್ರೆ ಸಾಕು, ಸೀದಾ ಓಡ್ತಾವೆ. ಪುಣ್ಯ ಬರಲಿ ನಿಮಗೆ."

ಬೀಜ ಸಂಗ್ರಹ

ಬೋಳಾದ ಕಡೆ ಎರಚಲು ಹುಲ್ಲಿನ ಬೀಜ ಬೇಕಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಕರೆ ಕೊಟ್ಟೆ. ಹೆಬ್ಬೆರಳುಗಳು ಲೆಕ್ಕವಿಲ್ಲದಷ್ಟು ಬಂದವು, ಮನುಷ್ಯರು ಒಂಬತ್ತು ಜನ ಬಂದರು. ಅವರೂ ಮಿರ್ಚಿ ಮಂಡಕ್ಕಿ ಮುಗಿಯುವವರೆಗೆ ಇದ್ದರು. ಸಿಕ್ಕಿದ ಬೀಜ ಒಂದು ಹಿಡಿ.

ಮೇಡಂ ಅದನ್ನು ತೆಗೆದುಕೊಂಡು ಹೋಗಲು ನಮ್ಮ ಮನೆಗೆ ಬಂದರು. ಒಳಗಿಂದ ನನ್ನ ಹೆಂಡತಿ ಒಂದು ಹಾರ್ಲಿಕ್ಸ್ ಡಬ್ಬಿ ತಂದು ಮುಂದಿಟ್ಟಳು. ಬಾಯಿವರೆಗೆ ಬೀಜ, ಒಂದು ಕಸ ಕಡ್ಡಿ ಇಲ್ಲ. ಮೇಡಂ ಬೆರಗಾಗಿ ರಿಜಿಸ್ಟರ್ ತೆಗೆದು, "ಸಂಗ್ರಹಿಸಿದವರ ಹೆಸರು ಏನಂತ ಬರೀಲಿ?" ಎಂದರು.

"ಇವರ ಪ್ಯಾಂಟು ಅಂತ ಬರಕೊಳ್ರಿ" ಎಂದಳು ನನ್ನ ಹೆಂಡತಿ. "ಎರಡು ವರ್ಷದಿಂದ ಒಗಿಯೋಕೆ ಮುಂಚೆ ಕೂತು ಕಿತ್ತೋಳು ನಾನು. ಜಾಗ ಇದ್ರೆ ನಂದೂ ಒಂದು ಹೆಸರು ಹಾಕ್ರಿ."

ಬಹುಮಾನ

ಇದು ಎಲ್ಲಕ್ಕಿಂತ ದೊಡ್ಡದು. ದಾವಣಗೆರೆಯಲ್ಲಿ ಒಂದು ಪರಿಸರ ಪ್ರದರ್ಶನ ನಡೆಯಿತು. ನಾವು ಎರಡು ದೊಡ್ಡ ಫೋಟೊ ಕಳಿಸಿದೆವು. ಒಂದರಲ್ಲಿ ಜಾಲಿ ತುಂಬಿದ ಜಾಗ, ಅದಕ್ಕೆ "ಮೊದಲು" ಎಂಬ ಚೀಟಿ. ಇನ್ನೊಂದರಲ್ಲಿ ಜಾಲಿ ಕಿತ್ತ ಮೇಲಿನ ಹುಲ್ಲು, ಬೇಸಿಗೆಯ ಹಳದಿ ಬಣ್ಣದ್ದು, ಅದಕ್ಕೆ "ಈಗ" ಎಂಬ ಚೀಟಿ. ಫೋಟೊ ಜೋಡಿಸುವ ಪುಣ್ಯಾತ್ಮನಿಗೆ ನಮ್ಮ ಮೇಲೆ ಕನಿಕರ ಬಂತು. ಅವಸರದಲ್ಲಿ ತಪ್ಪಾಗಿ ಅಂಟಿಸಿದ್ದಾರೆ ಎಂದುಕೊಂಡು ಚೀಟಿಗಳನ್ನು ಅದಲು ಬದಲು ಮಾಡಿದ.

ಫೋಟೊದಲ್ಲಿ ಬಳ್ಳಾರಿ ಜಾಲಿ ಕೂಡ ದಟ್ಟ ಕಾಡಿನಂತೆ ಕಾಣುತ್ತದೆ. ಮುಳ್ಳು ಫೋಟೊದಲ್ಲಿ ಚುಚ್ಚುವುದಿಲ್ಲ. ಬೋಳು ನೆಲವನ್ನು ಕಾಡು ಮಾಡಿದ್ದಕ್ಕೆ ನಮಗೆ ಮೊದಲ ಬಹುಮಾನ ಬಂತು. ಯಾಕೆ ಬಂತೆಂದು ನಮಗೆ ತಿಳಿದದ್ದು, ಅಧ್ಯಕ್ಷರು ಶಾಲು ಹೊದ್ದು ವೇದಿಕೆಯಿಂದ ಇಳಿದು ಫೋಟೊ ನೋಡಿದಾಗ.

"ಈಗ್ಲೇ ಹೋಗಿ ಹೇಳ್ರಿ" ಎಂದರು ಮೇಡಂ.

"ಹೊದಿಸಿದ ಶಾಲು ಹೆಂಗ್ರೀ ವಾಪಸ್ ಕೊಡೋದು? ನಾಲ್ಕು ದಿನಕ್ಕೆ ಎಲ್ರೂ ಮರೀತಾರೆ" ಎಂದರು ಅಧ್ಯಕ್ಷರು.

ಎಂಟೇ ದಿನಕ್ಕೆ ಅರಣ್ಯ ಇಲಾಖೆಯಿಂದ ಕಾಗದ ಬಂತು. ನಿಮ್ಮ ಕಾಡು ನೋಡಿ ಬಹಳ ಸಂತೋಷವಾಗಿದೆ, ಉಳಿದ ಜಾಗಕ್ಕೂ ಸಾವಿರ ಸಸಿ ಮಂಜೂರು ಮಾಡಿದ್ದೇವೆ, ಲಾರಿ ಕಳಿಸುತ್ತೇವೆ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆವೋ ಅದನ್ನು ನಾವೇ ಬಹುಮಾನ ತೆಗೆದುಕೊಂಡು ಕರೆಸಿಕೊಂಡಿದ್ದೆವು. ಆವತ್ತೇ ಉತ್ತರ ಬರೆದೆ: "ಸ್ವಾಮಿ, ಅಲ್ಲಿ ಕಾಡು ಇಲ್ಲ. ದಯವಿಟ್ಟು ಸಸಿ ಕಳಿಸಬೇಡಿ."

ಲಾರಿಯ ಬದಲು ಜೀಪು ಬಂತು. ಅಧಿಕಾರಿ ನಮ್ಮ ಫೋಟೊ ಕೈಯಲ್ಲಿ ಹಿಡಿದು ಮೊಳಕಾಲುದ್ದದ ಹುಲ್ಲಿನ ನಡುವೆ ನಿಂತರು. ಫೋಟೊ ನೋಡಿದರು, ನೆಲ ನೋಡಿದರು.

"ಯಾರು ಕಡದ್ರು? ಹೆದರಬ್ಯಾಡ್ರಿ, ಹೇಳ್ರಿ."

"ನಾವೇ ಸಾರ್, ಬೇರು ಸಮೇತ ಕಿತ್ತಿದ್ದು" ಎಂದೆ.

ಅವರು ನನ್ನನ್ನು, ಇಸ್ತ್ರಿ ಮಾಡಿದ ಬಿಳಿ ಪಂಚೆಯ ಅಧ್ಯಕ್ಷರನ್ನು, ಕೊಡೆ ಹಿಡಿದ ಮೇಡಂ ಅವರನ್ನು ಒಂದು ಸುತ್ತು ನೋಡಿದರು. "ಪ್ರಶಸ್ತಿ ತಗಂಡೋರು ಕಾಡು ಕಡೀತಾರೇನ್ರಿ? ಯಾರದೋ ಒತ್ತಡ ಐತೆ ನಿಮ್ಮ ಮೇಲೆ."

ಕುರಿ ಅಜ್ಜನನ್ನು ಕರೆಸಿ ಕೇಳಿದರು. "ಇವರೇ ಕಿತ್ತಿದ್ರಿ ಸಾಹೇಬ್ರೇ, ನನ್ನ ಕಣ್ಣಾರೆ ನೋಡೀನಿ" ಎಂದರು ಅಜ್ಜ.

"ಛೇ, ಈ ಮುದುಕನ್ನೂ ಹೆದರಿಸ್ಯಾರೆ" ಎಂದು ಅಧಿಕಾರಿ ಅಲ್ಲೇ ಮಹಜರು ಬರೆಸಿದರು. ಅಪರಿಚಿತರಿಂದ ಕಾಡು ಕಳವು.

"ಹಂಗಾದ್ರೆ ಆ ಸಾವಿರ ಸಸಿ?" ಎಂದರು ಮೇಡಂ ಮೆಲ್ಲಗೆ.

"ಕ್ಷಮಿಸಬೇಕ್ರಿ ಮೇಡಂ. ತನಿಖೆ ಮುಗಿಯೋ ತನಕ ಇಲ್ಲಿ ಯಾರೂ ಒಂದು ಕಡ್ಡೀನೂ ನೆಡಂಗಿಲ್ಲ. ಕಳ್ಳರ ಗುರುತು ಸಿಗಬೇಕು ನೋಡ್ರಿ, ಮುಳ್ಳು ಗಿಳ್ಳು ಬೆಳೀದಂಗೆ ನೀವು ನೆಲ ಸ್ವಚ್ಛ ಇಟ್ಕಂಡಿರ್ರಿ."

ಮೇಡಂ ನನ್ನ ಮುಖ ನೋಡಿದರು. ನಾನು ಅಧ್ಯಕ್ಷರ ಮುಖ ನೋಡಿದೆ. ಮೂವರೂ ಬಾಯಿ ಮುಚ್ಚಿಕೊಂಡು ಮಹಜರಿಗೆ ಸಹಿ ಹಾಕಿದೆವು. ಅಷ್ಟು ಖುಷಿಯಿಂದ ನಾನು ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ.

ಇದಾಗಿ ಮೂರು ಮಳೆಗಾಲ ಕಳೆದವು. ಹುಲ್ಲು ಈಗ ಸೊಂಟದವರೆಗೆ ಬರುತ್ತದೆ. ಕೇಸು ಎಲ್ಲಿ ಮುಗಿದುಬಿಟ್ಟಿತೋ ಎಂಬ ಹೆದರಿಕೆಗೆ ಎರಡು ತಿಂಗಳಿಗೊಮ್ಮೆ ಆ ಕಚೇರಿಗೆ ಹೋಗಿ ವಿಚಾರಿಸಿ ಬರುತ್ತೇನೆ. ಅಲ್ಲಿನ ಗುಮಾಸ್ತರು ನನ್ನನ್ನು ಕಂಡ ತಕ್ಷಣ ಎದ್ದು ನಿಂತು, ಕುರ್ಚಿ ಕೊಟ್ಟು, ಚಹಾ ತರಿಸುತ್ತಾರೆ. ಮೊನ್ನೆ ಹೋದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಧೈರ್ಯ ತಗೋರಿ ಸಾರ್. ಹತ್ತೆಕರೆ ಕಾಡು, ಎಲ್ಲಿಗೆ ಹೋದೀತು? ಸಿಕ್ಕೇ ಸಿಗತೈತೆ."